ನಾಲ್ಕು

ಪುಂತಾ ಅರೇನಸ್ಸಿನ ಬೀದಿ ಮೂಲೆಗಳಲ್ಲಿ
ಹಗ್ಗ ಕಟ್ಟಿರುತ್ತಾರೆ, ಬಟ್ಟೆ ಒಣಗಿಸಲಿಕ್ಕಲ್ಲ,
ಗಾಳಿ ಎತ್ತಿಕೊಂಡು ಹೋಗದ ಹಾಗೆ
ಮನುಷ್ಯರು ಹಿಡಿದುಕೊಳ್ಳಲಿಕ್ಕೆ.
ನಮ್ಮ ಮನೆಯೊಳಗೂ ಅಂಥದೊಂದಿದ್ದಿದ್ದರೆ
ಎದುವಿಹೆಸ್ ಎರಡೂ ಕೈಯಲ್ಲಿ ಬಿಗಿಹಿಡಿದು
ಬೆಳಗು ಮಾಡುತ್ತಿದ್ದಳೇನೋ.

ಹನ್ನೊಂದು ವರ್ಷ.
ಮೊದಲು ಮೊಣಕಾಲ ಕೆಳಗೊಂದು ಗಂಟು, ಕಡಲೆಯಷ್ಟು.
ಆಮೇಲೆ ತೋಳು, ತೊಡೆ, ಸೊಂಟ,
ಉಗುರು ಎಟುಕಿದ ಕಡೆಯೆಲ್ಲ.
ಎಟುಕದ್ದು ಒಂದೇ ಜಾಗ: ಬೆನ್ನ ನಡುವೆ
ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ ನುಣುಪು ಚರ್ಮ.
ನನ್ನ ಅಂಗೈಗೆ ಉಳಿದಿದ್ದು ಅಷ್ಟೇ.

ಉಣ್ಣೆಯಿಂದ ಬಂತು ಅಂದರು, ವಿಂಗಡಣೆ ಶೆಡ್ಡಿನ ಗೆಳತಿಯರು.
ನೀರಿನಿಂದ ಅಂದಳು ಪಕ್ಕದ ಮನೆಯ ಒರ್ತೆನ್ಸಿಯಾ.
ಕೆರೆಯದಿದ್ದರಾಯಿತು ಅಂದ ನನ್ನ ತಮ್ಮ,
ಗಾಳಿಗೆ ಬೀಸಬೇಡ ಅಂದಷ್ಟು ಸಲೀಸಾಗಿ.
ರಾತ್ರಿ ಹೊರಗೆ ತಗಡಿನ ಮಾಡು ಕರಕರ,
ಒಳಗೆ ಅವಳು ಕರಕರ.
ಯಾವುದು ಯಾವುದೆಂದು ತಿಳಿಯಲು
ದೀಪ ಹಾಕಬೇಕು. ಹಾಕುತ್ತಿರಲಿಲ್ಲ.
ಹಾಸಿಗೆಯ ರಕ್ತವನ್ನು ಬೆಳಕಿಲ್ಲದೆ
ತಣ್ಣೀರಲ್ಲಿ ನೆನೆಹಾಕುವುದು ಕಲಿತಿದ್ದೆ.

ಮೊದಲ ಗುಳಿಗೆ ಅವಳನ್ನು ಮಲಗಿಸಿತು,
ಬೆರಳುಗಳನ್ನು ಮಲಗಿಸಲಿಲ್ಲ.
ಗೊರಕೆ ಹೊಡೆಯುತ್ತಲೇ ಕೆರೆದುಕೊಳ್ಳುವಳು;
ಹಗಲಲ್ಲಿ ಉಣ್ಣೆ ಮೇಜಿನ ಮೇಲೆ ತಲೆಯಿಟ್ಟು
ಮೇಸ್ತ್ರಿಯ ಕೈಲಿ ಬೈಸಿಕೊಂಡಳು.
ಎರಡನೆಯದು ಹಳದಿ ಕ್ಯಾಪ್ಸೂಲು. ಅದಕ್ಕೆ ನೆಲ ಓಲಾಡಿತು.
ಜಲಸಂಧಿಯ ಹಡಗಲ್ಲಿ ಮೂವತ್ತು ವರ್ಷ ಹಗ್ಗ ಎಸೆದವನು ನಾನು,
ಕಾಲು ಅಗಲಿಸು, ಮಂಡಿ ಸಡಿಲ ಬಿಡು, ಅಂತ ಕಲಿಸಿದೆ.
ಅಡುಗೆಮನೆಯಲ್ಲಿ ಇಬ್ಬರೂ ನಾವಿಕರ ಹಾಗೆ ನಡೆದೆವು,
ನಕ್ಕೆವು ಕೂಡ. ನವೆ ಮಾತ್ರ ನಗಲಿಲ್ಲ.

ತಿಂಗಳಿಗೊಮ್ಮೆ ಉತ್ತರದಿಂದ ವಿಮಾನದಲ್ಲಿ ಬರುವ
ಡಾಕ್ಟರ್ ಒಯಾರ್ಸುನ್, ಸಣ್ಣ ಹುಡುಗಿ,
ಪ್ರತಿಸಲ ಅದೇ ಪ್ರಶ್ನೆ ಕೇಳುವಳು:
ಸೊನ್ನೆಯಿಂದ ಹತ್ತರವರೆಗೆ, ಎಷ್ಟು?
ಹತ್ತು.
ಹತ್ತರ ಆಚೆ ಇಲ್ಲದ್ದಕ್ಕೆ ಹತ್ತು, ಅನ್ನುವಳು ಇವಳು.
ಕೊನೆಗೆ ಬಂತು ಬಿಳಿಯ ಮಾತ್ರೆ, ದಿನಕ್ಕೊಂದು,
ಜೊತೆಗೆ ಭಯಗಳ ಉದ್ದ ಪಟ್ಟಿ
ಮತ್ತು ತಿಂಗಳಿಗೊಂದು ಸೀಸೆ ರಕ್ತ.
ಇಷ್ಟು ವರ್ಷ ಹಾಳೆಗೆ ಸುರಿದಿದ್ದೇನೆ,
ಒಂದು ಸೀಸೆಗೇನಂತೆ, ಅಂದು ನುಂಗಿದಳು.

ಆರನೆಯ ರಾತ್ರಿ ನನಗೆ ಎಚ್ಚರವಾಯಿತು.
ಸದ್ದಿಲ್ಲ.
ಮಾಡು ಕೂಡ ಸುಮ್ಮನಿತ್ತು, ಈ ಊರಲ್ಲಿ ಅಪರೂಪಕ್ಕೆ.
ಎದೆ ಧಸಕ್ಕೆಂದು ಅವಳ ಮೂಗಿನ ಬಳಿ ಬೆರಳು ಹಿಡಿದೆ.
ಕತ್ತಲೆಯೇ ಮಾತಾಡಿತು:
ಸತ್ತಿಲ್ಲ. ಮಲಗು.
ಕಂಬಳಿಯ ಮೇಲೆ ಅವಳ ಬಲಗೈ ಅಂಗಾತ ಬಿದ್ದಿತ್ತು,
ಮುಷ್ಕರದ ದಿನ ಬಂದರಿನಲ್ಲಿ ನಿಂತ ಕ್ರೇನಿನಂತೆ,
ಏನು ಮಾಡಬೇಕೆಂದು ತೋಚದೆ.

ತೋಚದ ಕೈ ಮಾರನೆಯ ದಿನ
ಅರ್ಧ ಮೂಟೆ ಆಲೂಗಡ್ಡೆ ಸುಲಿದಿಟ್ಟಿತು.
ಮೂರು ದಿನ ಅದನ್ನೇ ತಿಂದೆವು.
ರೇಡಿಯೋ ಕೇಳುತ್ತ ಕೂತಾಗ
ಬೆರಳು ತಾನಾಗಿ ಮೊಣಕಾಲಿಗೆ ಇಳಿಯುವುದು,
ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು
ಸಪ್ಪೆ ಮುಖ ಮಾಡಿ ವಾಪಸಾಗುವುದು.

ಈಗೆಷ್ಟು? ಕೇಳಿದಳು ಡಾಕ್ಟರ್.
ನಾಲ್ಕು.
ಸೊನ್ನೆಗೆ ಪ್ರಯತ್ನಿಸೋಣ, ಡೋಸು ಹೆಚ್ಚಿಸಬಹುದು...
ಎದುವಿಹೆಸ್ ಕೋಟಿನ ಗುಂಡಿ ಹಾಕಿಕೊಂಡಳು:
ನಾಲ್ಕು ಸಾಕು, ಮಗಳೇ. ನಾಲ್ಕರ ಜೊತೆ
ಮಾತಾಡಿ ಬದುಕಬಹುದು.
ಹತ್ತು ಮಾತಾಡಲು ಬಿಡುತ್ತಿರಲಿಲ್ಲ.

ಗಂಟುಗಳು ಕರಗಿ ಕಂದು ಕಲೆಗಳಾಗಿವೆ.
ನಿನ್ನೆ ಗಾಳಿ ಮತ್ತೆ ಬಂದು ಮಾಡನ್ನು ಹಿಡಿದು ಕೆರೆಯಿತು,
ಎರಡು ಮೊಳೆ ಹಾರಿದವು.
ನಾನು ರೂಢಿಯಂತೆ ಅಂಗೈಯನ್ನು
ಬೆನ್ನ ಚಿಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದ್ದೆ.
ಸ್ವಲ್ಪ ಹೊತ್ತಾದ ಮೇಲೆ ಅವಳು ಅಂದಳು,
ಅಲ್ಲೇ ಯಾಕೆ?
ಆಚೆಗೂ ಇದ್ದೇನೆ.